ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಸ್‌ಯುವಿ: ಗಾಡಿ ಕೊಡುವ ಸೂಚನೆಗಳು, ಮೊದಲು ನೋಡಬೇಕಾದ್ದು, ಓಡಿಸದೆ ನಿಲ್ಲಿಸಬೇಕಾದ್ದು

ಬೆಂಗಳೂರಿನಲ್ಲಿ ಕಿಲೋಮೀಟರ್ ನೋಡಿ ಗಾಡಿ ಎಷ್ಟು ಸವೆದಿದೆ ಅಂತ ಹೇಳಲು ಆಗುವುದಿಲ್ಲ. ಸಿಲ್ಕ್ ಬೋರ್ಡ್, ಮಾರತಹಳ್ಳಿ, ಹೆಬ್ಬಾಳ ಅಂತ ದಿನಾ ಓಡಾಡುವವರು ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ಒಮ್ಮೆ ನೋಡಿ. ಗಂಟೆಗೆ 15 ಕಿ.ಮೀ. ಇದೆ ಅಂದುಕೊಳ್ಳೋಣ. ಆ ಲೆಕ್ಕದಲ್ಲಿ 10,000 ಕಿ.ಮೀ. ಆಗುವ ಹೊತ್ತಿಗೆ ಎಂಜಿನ್ ಸುಮಾರು 670 ಗಂಟೆ ದುಡಿದಿರುತ್ತದೆ. ಹೈವೇಯಲ್ಲಿ 50ರ ಸರಾಸರಿಯಲ್ಲಿ ಅಷ್ಟೇ ದೂರ ಓಡಿದ ಗಾಡಿಗೆ ಆಗಿರುವುದು 200 ಗಂಟೆ ಮಾತ್ರ.

ಎಸ್‌ಯುವಿಗೆ ಇದರ ಪೆಟ್ಟು ಜಾಸ್ತಿ. ಗಾಡಿ ಭಾರ, ಟೈರ್ ದೊಡ್ಡದು, ಬ್ರೇಕ್ ಮತ್ತು ಕ್ಲಚ್ ಮೇಲೆ ಒತ್ತಡ ಹೆಚ್ಚು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಕಠಿಣ ಬಳಕೆಗೆ ಅಂತ ಬೇರೆ ಸರ್ವಿಸ್ ಪಟ್ಟಿ ಇರುತ್ತದೆ. ನಿಂತು ನಿಂತು ಸಾಗುವುದು, ಧೂಳು, ಚಿಕ್ಕ ಚಿಕ್ಕ ಓಡಾಟ ಎಲ್ಲವೂ ಅದರಲ್ಲೇ ಬರುತ್ತವೆ. ನಮ್ಮ ಊರಿನ ಗಾಡಿಗಳು ಆ ಪಟ್ಟಿ ನೋಡಿಕೊಂಡೇ ಆಯಿಲ್ ಮತ್ತು ಏರ್ ಫಿಲ್ಟರ್ ಬದಲಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಾನೆಟ್ ತೆಗೆಯುವ ಮುಂಚೆ ಕೆಲವು ಮಾತು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಕೈ ಹಾಕಬೇಡಿ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಲೇಬೇಡಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ವೈರ್ ಕಂಡರೆ ಅದರ ತಂಟೆಗೆ ಹೋಗಬೇಡಿ. ಮೀಟರ್‌ನಲ್ಲಿ ಕೆಂಪು ದೀಪ ಬಂದರೆ ಸುರಕ್ಷಿತ ಜಾಗ ನೋಡಿ ಕೂಡಲೇ ನಿಲ್ಲಿಸಿ. ಹಳದಿ ದೀಪ ಬಂದರೆ ನಿಧಾನವಾಗಿ ಹೋಗಬಹುದು, ಆದರೆ ಬೇಗ ತೋರಿಸಿ. ಹಳದಿ ದೀಪ ಮಿಣುಕುತ್ತಿದ್ದರೆ ಅದನ್ನೂ ಕೆಂಪಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ

ಮೊದಲು ಕಿವಿಗೊಟ್ಟು ಕೇಳಿ. ಸೆಲ್ಫ್ ಹೊಡೆದಾಗ ಬರೀ ಟಿಕ್ ಟಿಕ್ ಸದ್ದು ಬಂದು ಮೀಟರ್ ದೀಪಗಳು ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ದೀಪ ಜೋರಾಗಿಯೇ ಇದ್ದು ಒಂದೇ ಸಲ ಟಕ್ ಅಂದು ಸುಮ್ಮನಾದರೆ ಸ್ಟಾರ್ಟರ್ ಮೋಟರ್ ಮೇಲೆ ಅನುಮಾನ ಪಡಬೇಕು. ಎಂಜಿನ್ ಚೆನ್ನಾಗಿ ತಿರುಗುತ್ತಿದೆ ಆದರೆ ಹತ್ತಿಕೊಳ್ಳುತ್ತಿಲ್ಲ ಎಂದರೆ ಇಂಧನ ಅಥವಾ ಸೆನ್ಸರ್ ಕಡೆಯ ತೊಂದರೆ. ಏನೂ ಸದ್ದೇ ಇಲ್ಲ ಎಂದರೆ ಗೇರ್ ಪಾರ್ಕ್‌ನಲ್ಲಿದೆಯೇ, ಬ್ರೇಕ್ ಅಥವಾ ಕ್ಲಚ್ ಪೂರ್ತಿ ಒತ್ತಿದ್ದೀರಾ, ಕೀಯ ಒಳಗಿನ ಸೆಲ್ ಮುಗಿದಿದೆಯೇ ನೋಡಿ. ಈ ಕೊನೆಯದಕ್ಕೆ ಖರ್ಚು ಒಂದು ನಾಣ್ಯದ ಸೆಲ್ ಅಷ್ಟೇ.

ಬ್ಯಾಟರಿ ಅನುಮಾನವಾದರೆ ಟರ್ಮಿನಲ್ ನೋಡಿ. ತುದಿಯಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಸರಿಯಾಗಿ ದಾಟುವುದಿಲ್ಲ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್ ಬಿಚ್ಚಿ, ಬಿಸಿನೀರಲ್ಲಿ ಅಡುಗೆ ಸೋಡಾ ಕಲಸಿ ಹಳೇ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ ಬಿಗಿ ಮಾಡಿ. ಆ ಪುಡಿ ಕೈಗೆ, ಕಣ್ಣಿಗೆ ತಾಗದಿರಲಿ. ಮಲ್ಟಿಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಓದಿ: 12.6 ವೋಲ್ಟ್ ಆಸುಪಾಸು ಪೂರ್ತಿ ಚಾರ್ಜ್, 12.0ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ 13.7ರಿಂದ 14.7ರೊಳಗೆ ಇರಬೇಕು. 13 ಕೂಡ ದಾಟದಿದ್ದರೆ ಹೊಸ ಬ್ಯಾಟರಿ ಹಾಕಿಸಿ ಪ್ರಯೋಜನವಿಲ್ಲ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಚಾರ್ಜಿಂಗನ್ನು ಬೇಕೆಂದೇ ಕಡಿಮೆ ಮಾಡುವುದೂ ಉಂಟು. ಅದಕ್ಕೇ ಹೆಡ್‌ಲೈಟ್ ಹಾಕಿಕೊಂಡು ಇನ್ನೊಮ್ಮೆ ಅಳೆಯಿರಿ.

ಪಕ್ಕದ ಮನೆಯವರ ಗಾಡಿಯಿಂದ ಜಂಪ್ ಕೊಡುವಾಗ ಕ್ರಮ ತಪ್ಪಬಾರದು. ಕೆಂಪು ಕೇಬಲ್ ಮೊದಲು ನಿಮ್ಮ ಪಾಸಿಟಿವ್‌ಗೆ, ಆಮೇಲೆ ಅವರ ಪಾಸಿಟಿವ್‌ಗೆ. ಕಪ್ಪು ಮೊದಲು ಅವರ ನೆಗೆಟಿವ್‌ಗೆ, ಕೊನೆಯ ತುದಿ ನಿಮ್ಮ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಇಳಿದ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕಿಡಿ ಅದರ ಹತ್ತಿರ ಹಾರಬಾರದು. ಬ್ಯಾಟರಿ ಉಬ್ಬಿದ್ದರೆ, ಸೋರುತ್ತಿದ್ದರೆ ಜಂಪ್ ಬೇಡವೇ ಬೇಡ.

ಇಲಿಗಳ ಬಗ್ಗೆ ಹೇಳಲೇಬೇಕು. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಖಾಲಿ ಸೈಟಿನ ಪಕ್ಕ ನಿಲ್ಲಿಸುವವರಿಗೆ ಇದು ದೊಡ್ಡ ತಲೆನೋವು. ನಿನ್ನೆ ಚೆನ್ನಾಗಿದ್ದ ಗಾಡಿಯಲ್ಲಿ ಇವತ್ತು ಒಟ್ಟಿಗೆ ಮೂರ್ನಾಲ್ಕು ವಾರ್ನಿಂಗ್ ದೀಪ ಬಂದರೆ ಮೊದಲು ಟಾರ್ಚ್ ಹಿಡಿದು ಬಾನೆಟ್ ಒಳಗೆ ನೋಡಿ. ಬ್ಯಾಟರಿ ತಟ್ಟೆಯ ಮೂಲೆ, ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಅಡಿ, ಬೆಂಕಿ ತಡೆಗೆ ಹಾಕಿರುವ ಫೆಲ್ಟ್ ಇವೇ ಅವುಗಳಿಗೆ ಪ್ರೀತಿಯ ಜಾಗ. ಚಪಾತಿ ಚೂರು, ಕಪ್ಪು ಹಿಕ್ಕೆ, ತುದಿಯಲ್ಲಿ ತಾಮ್ರ ಕಾಣುವ ವೈರ್ ಸಿಕ್ಕರೆ ಸ್ಟಾರ್ಟ್ ಮಾಡಬೇಡಿ. ಟೇಪ್ ಸುತ್ತಿ ಓಡಿಸಿದರೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಎಲೆಕ್ಟ್ರಿಷಿಯನ್ ಬಂದು ವೈರಿಂಗ್ ನೋಡಲಿ.

ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ

ಮುಳ್ಳು ಮಧ್ಯ ದಾಟಿ ಏರುತ್ತಿದ್ದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಕಿಟಕಿ ಇಳಿಸಿಕೊಳ್ಳಿ. ಸೆಖೆಯಾಗುತ್ತದೆ, ನಿಜ. ಆದರೆ ಎಂಜಿನ್ ಶಾಖದ ಒಂದು ಭಾಗ ಕ್ಯಾಬಿನ್ ಕಡೆ ಹೊರಗೆ ಹೋಗುತ್ತದೆ, ಎಡಕ್ಕೆ ಸರಿದು ನಿಲ್ಲಿಸುವಷ್ಟು ಸಮಯ ಸಿಗುತ್ತದೆ. ಕೆಂಪು ಗೆರೆ ಮುಟ್ಟಿದರೆ, ಆವಿ ಕಂಡರೆ ಆಮೇಲೆ ಒಂದು ಮೀಟರ್ ಕೂಡ ಓಡಿಸಬೇಡಿ. ಎಂಜಿನ್ ಆಫ್ ಮಾಡಿ ದೂರ ನಿಲ್ಲಿ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಅದಕ್ಕಿಂತ ಜಾಸ್ತಿ ಶಾಖದಲ್ಲೂ ಕುದಿಯದೆ ಇರುವುದು ಮುಚ್ಚಳ ಹಿಡಿದಿಟ್ಟ ಒತ್ತಡದಿಂದ. ಮುಚ್ಚಳ ತಿರುಗಿಸಿದ ಕ್ಷಣವೇ ಎಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಡಿಮೆ ಎಂದರೂ ಒಂದು ಗಂಟೆ ಕಾಯಿರಿ.

ತಣ್ಣಗಾದ ಮೇಲೆ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲೆಂಟ್ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಕಡಿಮೆಯಿದ್ದರೆ ಹೋಸ್ ಕೊನೆಗಳಲ್ಲಿ, ಗಾಡಿ ನಿಂತ ನೆಲದಲ್ಲಿ ಹಸಿರು ಅಥವಾ ಗುಲಾಬಿ ಕಲೆ ಹುಡುಕಿ. ಕೂಲೆಂಟ್ ಸರಿಯಾಗಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಮುಂದಿನ ಗ್ರಿಲ್ ಹತ್ತಿರ ನಿಂತು ಕೇಳಿ. ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗುವ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್, ರಿಲೇ, ಮೋಟರ್ ಈ ಮೂರರಲ್ಲಿ ಒಂದು ಹೋಗಿದೆ. ಫ್ಯೂಸ್ ನೀವೇ ನೋಡಬಹುದು, ಉಳಿದದ್ದು ಎಲೆಕ್ಟ್ರಿಷಿಯನ್ ಕೆಲಸ.

ಬಿಸಿ ಯಾವಾಗ ಏರುತ್ತದೆ ಎನ್ನುವುದೇ ಇಲ್ಲಿ ದೊಡ್ಡ ಸುಳಿವು. ಸಿಗ್ನಲ್‌ನಲ್ಲಿ ಏರಿ, ಫ್ಲೈಓವರ್ ಹತ್ತಿ ಓಡುತ್ತಿದ್ದಂತೆ ಇಳಿದರೆ ಗಾಳಿ ಸಾಲುತ್ತಿಲ್ಲ: ಫ್ಯಾನ್ ಕೆಟ್ಟಿದೆ ಅಥವಾ ರೇಡಿಯೇಟರ್ ಮುಂದೆ ಧೂಳು, ಹುಳ ಕಟ್ಟಿಕೊಂಡಿವೆ. ಓಡುವಾಗಲೇ, ಏರು ಹತ್ತುವಾಗಲೇ ಏರಿದರೆ ಕೂಲೆಂಟ್ ತಿರುಗುತ್ತಿಲ್ಲ: ಥರ್ಮೋಸ್ಟಾಟ್, ವಾಟರ್ ಪಂಪ್ ಅಥವಾ ಒಳಗೆ ಕಟ್ಟಿಕೊಂಡ ರೇಡಿಯೇಟರ್. ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬಂದು, ಆಯಿಲ್ ಮುಚ್ಚಳದ ಅಡಿ ಹಾಲು ಬೆರೆಸಿದಂಥ ಕೆನೆ ಕಂಡರೆ ಎಂಜಿನ್ ಒಳಗೆ ಕೂಲೆಂಟ್, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಟೋಯಿಂಗ್ ಕರೆಸಿ.

ಇನ್ನೊಂದು ಮಾತು, ಇದು ನಮ್ಮ ಊರಿಗೇ ಸೇರಿದ್ದು. ಕೂಲೆಂಟ್ ಬದಲು ಮನೆಯ ಬೋರ್‌ವೆಲ್ ನೀರು ಸುರಿಯಬೇಡಿ. ಬಕೆಟ್‌ನಲ್ಲಿ, ಗೀಸರ್‌ನಲ್ಲಿ ಬಿಳಿ ಪದರ ಕಟ್ಟುವ ಅದೇ ಗಡಸು ನೀರು ರೇಡಿಯೇಟರ್ ಒಳಗೂ ಕಟ್ಟುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ ಬಾಟಲಿ ನೀರು ಹಾಕಿ ಗ್ಯಾರೇಜ್ ಮುಟ್ಟಿ, ಅಲ್ಲಿ ಪೂರ್ತಿ ತೆಗೆಸಿ ಸರಿಯಾದ ಕೂಲೆಂಟ್ ತುಂಬಿಸಿ.

ಡೀಸೆಲ್ ಗಾಡಿಯಲ್ಲಿ ಡಿಪಿಎಫ್ ದೀಪ ಬಂದಿದೆ

2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಎಸ್‌ಯುವಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಸೌದೆ ಒಲೆಯ ಮೇಲಿನ ಹೊಗೆಗೂಡಿನ ಹಾಗೆ ಅದು ಮಸಿ ತುಂಬಿಕೊಳ್ಳುತ್ತದೆ. ವ್ಯತ್ಯಾಸ ಏನೆಂದರೆ, ಇದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಮನೆಯಿಂದ ಮಕ್ಕಳ ಶಾಲೆ, ಶಾಲೆಯಿಂದ ಆಫೀಸು ಅಂತ ತೆವಳುವ ಗಾಡಿಗೆ ಆ ಶಾಖ ಎಲ್ಲಿಂದ ಬರಬೇಕು? ಅರ್ಧ ಸುಡುವಷ್ಟರಲ್ಲಿ ನೀವು ಆಫ್ ಮಾಡಿರುತ್ತೀರಿ.

ಬರೀ ಡಿಪಿಎಫ್ ದೀಪ ಮಾತ್ರ ಹಳದಿಯಾಗಿ ಹತ್ತಿದ್ದರೆ ಭಯ ಬೇಡ. ಪೆಟ್ರೋಲ್ ಬಂಕ್ ಖರ್ಚಿನಲ್ಲೇ ಮುಗಿಯುವ ಕೆಲಸ. ನೈಸ್ ರಸ್ತೆ, ನೆಲಮಂಗಲ ದಾಟಿ ತುಮಕೂರು ಕಡೆ ಅಥವಾ ದೇವನಹಳ್ಳಿ ಕಡೆ, ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಹೋಗಿ. ವೇಗದ ಮಿತಿಯೊಳಗೇ, 60ರಿಂದ 80ರಲ್ಲಿ, ಒಂದು ಗೇರ್ ಕಡಿಮೆ ಇಟ್ಟುಕೊಂಡು 2,000 ಆರ್‌ಪಿಎಂ ಮೇಲೆ 20 ನಿಮಿಷ ನಿಲ್ಲದೆ ಓಡಿಸಿ. ಬಹಳ ಸಲ ದೀಪ ತಾನಾಗಿ ಹೋಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ವೇಗ ಬರೆದಿದ್ದರೆ ಅದನ್ನೇ ಪಾಲಿಸಿ. ಆ ಹೊತ್ತಿನಲ್ಲಿ ಸೈಲೆನ್ಸರ್ ಕೆಂಡದಷ್ಟು ಬಿಸಿಯಿರುತ್ತದೆ, ಒಣ ಹುಲ್ಲಿನ ಮೇಲೆ ನಿಲ್ಲಿಸಬಾರದು.

ಡಿಪಿಎಫ್ ಜೊತೆ ಎಂಜಿನ್ ದೀಪವೂ ಬಂದು, ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯದಿದ್ದರೆ ಹೈವೇ ಪ್ರಯೋಗ ಬೇಡ. ಫಿಲ್ಟರ್ ತೀರಾ ತುಂಬಿದೆ. ಸರ್ವಿಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ಹಾಕಿ ಸುಡಿಸಬೇಕು. ಹಾಗೇ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ, ಮೂಗಿಗೆ ಡೀಸೆಲ್ ವಾಸನೆ ಹೊಡೆದರೆ ಅರ್ಧಕ್ಕೇ ನಿಂತ ಸುಡುವಿಕೆಯಿಂದ ಡೀಸೆಲ್ ಆಯಿಲ್‌ಗೆ ಇಳಿದಿದೆ. ಆಯಿಲ್ ಏರಿದೆ ಅಂತ ಸಂತೋಷಪಡುವ ವಿಷಯವಲ್ಲ ಇದು. ತೆಳ್ಳಗಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ, ಬದಲಿಸಿ. ಫಿಲ್ಟರನ್ನೇ ಕಿತ್ತುಹಾಕುತ್ತೇವೆ ಅಂತ ಹೇಳುವವರ ಮಾತು ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ಆ ಮಸಿ ಹೋಗುವುದು ನಿಮ್ಮ ಹಿಂದೆ ನಿಂತ ಬೈಕ್ ಸವಾರನ ಎದೆಗೆ.

ಬ್ರೇಕ್ ಸದ್ದು ಮಾಡುತ್ತಿದೆ, ಅಥವಾ ಪೆಡಲ್ ಮೆತ್ತಗಾಗಿದೆ

ಮಳೆಯ ಮರುದಿನ ಬೆಳಿಗ್ಗೆ ಕರ್ ಅಂದು ಐದಾರು ಸಲ ಒತ್ತಿದ ಮೇಲೆ ನಿಂತರೆ ಅದು ಡಿಸ್ಕ್ ಮೇಲಿನ ತೆಳು ತುಕ್ಕು. ಬಿಡಿ. ಪ್ರತಿ ಸಲ ಕೀಚು ಸದ್ದು ಬಂದರೆ ಪ್ಯಾಡ್ ಸವೆದು ಅದರ ಎಚ್ಚರಿಕೆ ತಗಡು ಡಿಸ್ಕ್ ಮುಟ್ಟುತ್ತಿರಬಹುದು. ಅಲಾಯ್ ವೀಲ್ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿ, ಪ್ಯಾಡ್ 3 ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಹೊತ್ತು. ಕಬ್ಬಿಣಕ್ಕೆ ಕಬ್ಬಿಣ ತೀಡುವ ಗರಗರ ಸದ್ದಾದರೆ ಅಲ್ಲಿಗೇ ನಿಲ್ಲಿಸಿ. ಪೆಡಲ್ ಕಾಲಿಗೆ ನಡುಗಿದರೆ ಡಿಸ್ಕ್ ಮೇಲ್ಮೈ ಏರುಪೇರಾಗಿದೆ. ಗಟ್ಟಿಯಾಗಿ ಒತ್ತಿದಾಗ ಮಾತ್ರ ಟಪಟಪ ಬಡಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿದೆ, ಕಾಲು ತೆಗೆಯಬೇಡಿ.

ಪೆಡಲ್ ಮೆತ್ತಗಾಗಿ ಕೆಳಗಿಳಿಯುವುದು ಬೇರೆಯೇ ವಿಷಯ. ಬ್ರೇಕ್ ಫ್ಲೂಯಿಡ್ ಮಟ್ಟ ನೋಡಿ. ಇಳಿದಿದ್ದರೆ, ಚಕ್ರದ ಒಳಭಾಗ ಒದ್ದೆಯಾಗಿದ್ದರೆ ಸೋರಿಕೆ ಇದೆ. ಸುಮ್ನೆ ತುಂಬಿಸಿ ಓಡಿಸುವುದು ಆತ್ಮಹತ್ಯೆಗೆ ಸಮ. ಈ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕಡಿಮೆ ಓಡಿಸಿದ್ದೀನಲ್ಲ ಅಂತ ಬಿಡುವವರೇ ಜಾಸ್ತಿ.

ನಂದಿಬೆಟ್ಟದಿಂದ ಭಾನುವಾರ ಇಳಿಯುವಾಗ ಸುಟ್ಟ ವಾಸನೆ ಬಂದು ಪೆಡಲ್ ಸೋತಂತೆ ಆದರೆ ಬ್ರೇಕ್ ಕಾದಿದೆ. ಎರಡನೇ ಗೇರ್‌ಗೆ ಇಳಿಸಿ, ಅಗಲ ಇರುವ ಕಡೆ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕ್ ಮೇಲೆ ನೀರು ಎರಚಬೇಡಿ, ಅದು ಸೊಟ್ಟಗಾಗುತ್ತದೆ. ಆಟೋಮ್ಯಾಟಿಕ್ ಗಾಡಿಯವರು ಡಿ ಬಿಟ್ಟು ಮ್ಯಾನುಯಲ್ ಮೋಡ್‌ನಲ್ಲಿ ಕಡಿಮೆ ಗೇರ್ ಹಿಡಿದುಕೊಳ್ಳಬೇಕು. ಏಳು ಜನ ಕೂತ ಗಾಡಿಯ ಭಾರವನ್ನು ಬರೀ ಬ್ರೇಕ್ ತಡೆಯಲಾರದು.

ಸ್ಟೀರಿಂಗ್ ನಡುಕ, ಒಂದು ಕಡೆ ಎಳೆತ, ಹಂಪ್ ಮೇಲೆ ಕಟಕಟ

ಮೊದಲ ಕೆಲಸ ಗಾಳಿ. ಟೈರ್ ತಣ್ಣಗಿರುವಾಗ, ಡ್ರೈವರ್ ಬಾಗಿಲಿನ ಕಂಬದ ಸ್ಟಿಕರ್‌ನಲ್ಲಿ ಬರೆದಷ್ಟೇ ಹಾಕಿಸಿ. ತುಂಬು ಜನ, ಲಗೇಜ್ ಇದ್ದಾಗಿನ ಸಂಖ್ಯೆ ಅಲ್ಲೇ ಬೇರೆ ಇರುತ್ತದೆ. ಆಮೇಲೆ ಟೈರ್‌ನ ಪಕ್ಕದ ಗೋಡೆಯನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಸವರಿ. ಒಳಗಿನ ಬದಿಯನ್ನೂ ಬಿಡಬೇಡಿ. ಗುಂಡಿಗೆ ಬಿದ್ದ ಮೇಲೆ ಅಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡರೆ ಒಳಗಿನ ದಾರ ಹರಿದಿದೆ. ಆ ಟೈರ್‌ಗೆ ರಿಪೇರಿ ಇಲ್ಲ. ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಅಂಗಡಿಗೆ ಹೋಗಿ. ಟ್ರೆಡ್ 1.6 ಮಿ.ಮೀ.ಗೆ ಇಳಿದರೂ ಬದಲಿಸಲೇಬೇಕು.

ಊರೊಳಗೆ ಏನೂ ಗೊತ್ತಾಗದೆ, ಮೈಸೂರು ದಾರಿಯಲ್ಲಿ 80 ದಾಟಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ತಪ್ಪಿದೆ. ಒಂದು ಕಡೆ ಎಳೆದರೆ, ಟೈರ್ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್. ಹಂಪ್ ಹತ್ತಿಳಿಯುವಾಗ ಕಟಕಟ ಬಂದರೆ ಸಾಮಾನ್ಯವಾಗಿ ಲಿಂಕ್ ರಾಡ್ ಅಥವಾ ಬುಶ್, ಹೆಚ್ಚು ದುಬಾರಿಯಲ್ಲದ ಭಾಗಗಳು. ಅದಕ್ಕೇ ಸದ್ದು ಕೇಳಿದ ಕೂಡಲೇ ಶಾಕ್ ಅಬ್ಸಾರ್ಬರ್ ಬದಲಿಸಲು ಒಪ್ಪಬೇಡಿ. ಶಾಕ್‌ನ ಮೈಮೇಲೆ ಎಣ್ಣೆ ಇಳಿದಿದೆಯೇ ನೋಡಿ, ಆಮೇಲೆ ಮಾತಾಡಿ. ಸ್ಟೀರಿಂಗ್‌ನಲ್ಲಿ ಸಡಿಲು ಸಿಕ್ಕರೆ, ತಿರುಗಿಸುವಾಗ ಟಕ್ ಅಂದರೆ ಮಾತ್ರ ಮುಂದೂಡಬೇಡಿ. ಚಕ್ರವನ್ನು ಹಿಡಿದಿರುವ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೇಳಿದ ಮಾತು ಕೇಳುವುದಿಲ್ಲ.

ಫೋರ್ ವೀಲ್ ಡ್ರೈವ್ ಗಾಡಿ ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಬಿಗಿ ಹಿಡಿದು ಜಗ್ಗಿದಂತಾದರೆ ಲಿವರ್ ನೋಡಿ. ಕೈಯಲ್ಲಿ ಹಾಕಿ ತೆಗೆಯುವ ಮಾದರಿಯಲ್ಲಿ 4ಎಚ್, ಅಂದರೆ ನಾಲ್ಕೂ ಚಕ್ರ ಎಳೆಯುವ ಸ್ಥಾನ, ಹಾಗೇ ಉಳಿದಿರಬಹುದು. ಒಣ ಟಾರ್ ರಸ್ತೆಯಲ್ಲಿ ಅದನ್ನು ಎರಡೇ ಚಕ್ರ ಎಳೆಯುವ 2ಎಚ್‌ಗೆ ತರಲೇಬೇಕು.

ಎಸಿ ತಂಪಾಗುತ್ತಿಲ್ಲ, ಒಳಗೆ ನೀರು ತೊಟ್ಟಿಕ್ಕುತ್ತಿದೆ

ಗಾಳಿಯೇ ಕಡಿಮೆ ಬಂದರೆ ಕ್ಯಾಬಿನ್ ಫಿಲ್ಟರ್ ಧೂಳು ತುಂಬಿದೆ, ನೀವೇ ಬದಲಿಸಬಹುದು. ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಮತ್ತೆ ಅದೇ ಮುಂದಿನ ಫ್ಯಾನ್. ಗ್ಯಾಸ್ ಪದೇ ಪದೇ ಖಾಲಿಯಾದರೆ ಸೋರಿಕೆ ಹುಡುಕದೆ ತುಂಬಿಸುವುದು ದುಡ್ಡು ದಂಡ.

ಸನ್‌ರೂಫ್ ಇರುವ ಗಾಡಿಯಲ್ಲಿ ಮಳೆ ನೀರು ಒಳಗಿನ ದೀಪದ ಹತ್ತಿರ ತೊಟ್ಟಿಕ್ಕಿದರೆ ಗಾಜು ಸೀಳಿದೆ ಅಂತ ಹೆದರಬೇಡಿ. ಹೊಂಗೆ ಮರದ ಕೆಳಗೆ ನಿಲ್ಲಿಸುತ್ತೀರಾ? ಆ ಪುಟ್ಟ ಹೂಗಳು ಚೌಕಟ್ಟಿನ ಮೂಲೆಯ ತೂತಿಗೆ ಹೋಗಿ ಕೊಳೆತು ಕೊಳವೆ ಮುಚ್ಚುತ್ತವೆ. ಸನ್‌ರೂಫ್ ತೆರೆದು ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಲೆಗೆ ಸ್ವಲ್ಪ ನೀರು ಬಿಟ್ಟು ಅದು ಗಾಡಿಯ ಕೆಳಗೆ ಇಳಿಯುತ್ತದೆಯೇ ನೋಡಿ. ತಂತಿ ಚುಚ್ಚಬೇಡಿ, ಕೊಳವೆ ಒಳಗೆ ಕಳಚಿಕೊಳ್ಳುತ್ತದೆ.

ನೀರಲ್ಲಿ ಹೋದ ಮೇಲೆ ಎಂಜಿನ್ ನಿಂತಿತು

ಮತ್ತೆ ಸ್ಟಾರ್ಟ್ ಮಾಡಬೇಡಿ. ಈ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಏರ್ ಫಿಲ್ಟರ್ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಹೋಗಿದ್ದರೆ, ಪಿಸ್ಟನ್‌ಗೆ ನೀರನ್ನು ಅದುಮಲು ಆಗುವುದಿಲ್ಲ. ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಹೋಗುತ್ತದೆ. ಇನ್ಶೂರೆನ್ಸ್‌ನಲ್ಲೂ ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದಿದ್ದರೆ ಈ ನಷ್ಟ ಸಿಗುವುದು ಕಷ್ಟ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ಕೈಗೆಟುಕಿದರೆ ನೆಗೆಟಿವ್ ಬಿಚ್ಚಿ, ಫೋಟೋ ತೆಗೆದಿಟ್ಟುಕೊಂಡು ಟೋಯಿಂಗ್‌ಗೆ ಹೇಳಿ.

ಗಾಡಿ ಎತ್ತರ ಇದೆ ಎನ್ನುವ ಧೈರ್ಯವೇ ಎಸ್‌ಯುವಿಯವರನ್ನು ನೀರಿಗೆ ಇಳಿಸುವುದು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ದೊಡ್ಡ ದೊಡ್ಡ ಗಾಡಿಗಳು ಮುಳುಗಿದ್ದನ್ನು ನೋಡಿದ್ದೇವೆ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಸಿಕ್ಕಿಕೊಂಡು ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಎರಡಡಿ ಹರಿಯುವ ನೀರು ಎಸ್‌ಯುವಿಯನ್ನೂ ತೇಲಿಸಿಕೊಂಡು ಹೋಗಬಲ್ಲದು. ರಸ್ತೆಯ ನೆಲ ಕಾಣದಿದ್ದರೆ ಅಂಡರ್‌ಪಾಸ್‌ಗೆ ಇಳಿಯಬೇಡಿ, ಸುತ್ತಿಕೊಂಡು ಹೋಗಿ. ಸಿಕ್ಕಿಕೊಂಡರೆ ಫೋನ್ ಮಾಡುತ್ತಾ ಕೂರಬೇಡಿ. ಬೆಲ್ಟ್ ಬಿಚ್ಚಿ, ಪವರ್ ಕಿಟಕಿ ಕೆಲಸ ಮಾಡುವಾಗಲೇ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ ನೀವೂ ಬನ್ನಿ. ಹೊರಗೆ ಬಂದ ಮೇಲೆ 112ಕ್ಕೆ ಕರೆ ಮಾಡಿ.

ಎಂಜಿನ್ ನಿಲ್ಲದೆ ದಾಟಿ ಬಂದಿದ್ದರೂ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿ. ಮನೆಗೆ ಹೋಗಿ ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಒದ್ದೆ ಇದ್ದರೆ ಮರುದಿನ ಓಡಿಸಬೇಡಿ.

ಗ್ಯಾರೇಜ್‌ಗೆ ಒಯ್ಯುವಾಗ

"ಏನೋ ಸದ್ದು ಬರ್ತಿದೆ ಅಣ್ಣ, ನೋಡಿ" ಅಂದರೆ ಮೆಕ್ಯಾನಿಕ್‌ಗೂ ಕಷ್ಟ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಷ್ಟು ವೇಗದಲ್ಲಿ, ಎಡಕ್ಕೆ ತಿರುಗಿಸಿದಾಗಲೋ ಬಲಕ್ಕೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ ಹೇಳಿ. ಸದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ದೀಪ ಬಂದ ಕ್ಷಣವೇ ಮೀಟರ್ ಫೋಟೋ ತೆಗೆದಿಡಿ. ದೋಷದ ಕೋಡ್ ಅಳಿಸುವ ಮುಂಚೆ ಬರೆದುಕೊಡಲು ಕೇಳಿ. ಬಿಚ್ಚಿದ ಹಳೆಯ ಭಾಗವನ್ನು ತೋರಿಸಲು ಹೇಳಿ. ಗಾಡಿ ವಾಪಸ್ ತೆಗೆದುಕೊಳ್ಳುವಾಗ ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸದ್ದು ಬರುತ್ತಿದ್ದ ಅಂಥದ್ದೇ ಹಂಪ್ ಮೇಲೆ, ಅದೇ ವೇಗದಲ್ಲಿ ಒಂದು ಸುತ್ತು ಹೋಗಿ ಬನ್ನಿ. ಬಿಲ್ ಕಟ್ಟುವುದು ಅದಾದ ಮೇಲೆ.